ಬಸಿಗಾಲುವೆಯ ಬಾಯಿ

ನೀರಲ್ಲಿ ನಿಂತ ಸಸಿ ಸುಟ್ಟುಹೋಗಿತ್ತು.

ಬೆಂಕಿ ಬಿದ್ದಿರಲಿಲ್ಲ. ಬಿಸಿಲೂ ಹೆಚ್ಚಿರಲಿಲ್ಲ. ಪಾದ ಮುಳುಗುವಷ್ಟು ನೀರಿತ್ತು. ಆದರೂ ಎಲೆಯ ತುದಿ ಹಳದಿಯಾಗಿ, ಕಂದಾಗಿ, ಕೊನೆಗೆ ಬೀಡಿ ತಾಗಿಸಿದಂತೆ ಸುರುಟಿತ್ತು. ಇಮಾಮಬಾನು ಒಂದು ಸಸಿ ಕಿತ್ತಳು. ಬೇರು ಕರ್ರಗಾಗಿತ್ತು. ಲೋಳೆಯಾಗಿ ಬೆರಳಿಗೆ ಅಂಟಿತು. ಕೊಳೆತ ಮೊಟ್ಟೆಯ ವಾಸನೆ ಬಂತು. ಬದುವಿನ ಮೇಲೆ ಎಸೆದಳು. ಇನ್ನೊಂದು ಕಿತ್ತಳು. ಅದೂ ಹಾಗೆಯೇ ಇತ್ತು. ಮತ್ತೊಂದನ್ನು ಕೀಳಲಿಲ್ಲ.

ಆಕೆಯ ಹೊಲ ಎರೆಹಾಳ ಎಂಬ ಊರಿನ ಕೆಳಗಿನ ತಗ್ಗಿನಲ್ಲಿತ್ತು. ಗಂಗಾವತಿಯಿಂದ ಬಸ್ಸಿನಲ್ಲಿ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅಮರಪ್ಪ ಸಾವಕಾರನ ಗದ್ದೆ. ಕಾಲುವೆಯ ದಂಡೆಯಿಂದ ತಗ್ಗಿನವರೆಗೆ ಒಂದೇ ಹಸಿರು. ಆ ಹಸಿರು ಮುಗಿದಲ್ಲಿ ನೆಲ ಬೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ನೋಡಿದವರು ಯಾರೋ ಸುಣ್ಣ ಚೆಲ್ಲಿದ್ದಾರೆ ಅಂದುಕೊಳ್ಳಬೇಕು. ಅದು ಇಮಾಮಬಾನುವಿನ ಹೊಲ. ಪಕ್ಕದ್ದು ಮುದುಕಮ್ಮನ ಹೊಲ. ಅದರಾಚೆ ಮುದುಕಮ್ಮನ ಮನೆಯಿದ್ದ ಮಾದಿಗರ ಓಣಿ. ಆ ಓಣಿಯ ಗೋಡೆಗಳ ಬುಡಕ್ಕೂ ಉಪ್ಪು ಏರಿ ಗಿಲಾವು ಉದುರುತ್ತಿತ್ತು.

ಮೊದಲು ಹೀಗಿರಲಿಲ್ಲ. ಕರೀ ಎರೆಮಣ್ಣು ಅದು. ಇಮಾಮಬಾನು ಮದುವೆಯಾಗಿ ಬಂದಾಗ ಅತ್ತೆ ತಿಪ್ಪೆಯಿಂದ ಗೊಬ್ಬರ ಹೊತ್ತು ಹಾಕುತ್ತಿದ್ದಳು. ಮಳೆ ಬಿದ್ದ ಮಾರನೆ ದಿನ ಹೊಲಕ್ಕೆ ಕಾಲಿಟ್ಟರೆ ಮಣ್ಣು ಹಿಮ್ಮಡಿಗೆ ಮೆತ್ತಗೆ ತಾಗುತ್ತಿತ್ತು. ಅಮರಪ್ಪನ ಗದ್ದೆಗೂ ಇವರ ಹೊಲಗಳಿಗೂ ನಡುವೆ ಆಗ ಬಸಿಗಾಲುವೆ ಇತ್ತು. ಕಾಲುವೆ ಬಂದ ಕಾಲಕ್ಕೆ ಸರಕಾರವೇ ಅಗೆಸಿದ್ದು. ಮೇಲಿನ ಗದ್ದೆಗಳಿಂದ ಬಸಿದ ನೀರು ಅದಕ್ಕೆ ಇಳಿದು ಹಳ್ಳ ಸೇರುತ್ತಿತ್ತು. ಎಮ್ಮೆ ಇಳಿದರೆ ಕೋಡಷ್ಟೇ ಕಾಣುವಷ್ಟು ಆಳ.

ಅದನ್ನು ಅಮರಪ್ಪ ಮುಚ್ಚಿಸಿದ. ಒಂದು ಬೇಸಿಗೆ ಜೆಸಿಬಿ ಬಂತು. ಟ್ರ್ಯಾಕ್ಟರುಗಟ್ಟಲೆ ಗರಸು ಮಣ್ಣು ಬಂತು. ತುಂಬಿ, ಸಪಾಟು ಮಾಡಿ, ಅದರ ಮೇಲೂ ನೆಲ್ಲು ಹಚ್ಚಿಸಿದ. ಇಮಾಮಬಾನುವಿನ ಗಂಡ ಜಿಲಾನಸಾಬ ಕೇಳಲು ಹೋಗಿದ್ದ.

"ನೀರು ಬ್ಯಾಡಂತೀಯೇನ್ಲೇ?" ಎಂದಿದ್ದ ಅಮರಪ್ಪ. "ತೆಗ್ಗಿನ್ಯಾಗ ಇದ್ದಾವ್ರಿಗೆ ಪುಕ್ಕಟ ನೀರು ಬರ್ತೈತಿ. ಕುಣೀಬೇಕು ನೀವು."

ಜಿಲಾನಸಾಬ ಅಕ್ಕಿ ಗಿರಣಿಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಒಂದು ಬದಿಗೆ ವಾಲಿತ್ತು. ತಿರುಗಿ ಒಂದು ಮಾತೂ ಆಡದೆ ಮನೆಗೆ ಬಂದ.

ಹೋಗಲು ದಾರಿಯಿಲ್ಲದ ನೀರು ನೆಲದೊಳಗೇ ನಿಂತಿತು. ಮೊದಲ ವರ್ಷ ಬೆಳೆ ಅರ್ಧಕ್ಕಿಳಿಯಿತು. ಮರುವರ್ಷ ತೆನೆ ಬಂದರೂ ಕಾಳು ತುಂಬಲಿಲ್ಲ. ಈಗ ಸಸಿಯೇ ನಿಲ್ಲುತ್ತಿಲ್ಲ.

ತನ್ನ ಹೊಲದ ಸಸಿ ಸುಟ್ಟುಹೋದ ಹೆಂಗಸೇ ಅಮರಪ್ಪನ ಗದ್ದೆ ಹಸಿರು ಮಾಡುತ್ತಿದ್ದಳು. ಊರಿನ ನಾಟಿ ಗುಂಪಿಗೆ ಇಮಾಮಬಾನು ಮುಂದಾಳು. ಸೂರ್ಯ ಏಳುವ ಮೊದಲು ಕೆಸರಿಗೆ ಇಳಿಯಬೇಕು. ಸೀರೆ ಮೊಣಕಾಲ ಮೇಲೆ ಕಟ್ಟಬೇಕು. ಬಗ್ಗಿದ ಸೊಂಟ ಎತ್ತುವಂತಿಲ್ಲ. ಎತ್ತಿದರೆ ಬದುವಿನ ಮೇಲೆ ನಿಂತ ಹೊನ್ನೂರಪ್ಪ ಕೂಗುತ್ತಾನೆ. ಅವನು ಅಮರಪ್ಪನ ಆಳು, ಗದ್ದೆಯ ಉಸ್ತುವಾರಿ ಅವನದು. ಕೆಸರಲ್ಲಿ ಹಿಂದೆ ಹಿಂದೆ ನಡೆಯುತ್ತ ಸಸಿ ಚುಚ್ಚುವುದು ಕೆಲಸ. ಸಂಜೆಗೆ ಬೆರಳ ಸಂದಿ ಬೆಳ್ಳಗೆ ಕೊಳೆತು ಬಾಯಿ ಬಿಡುತ್ತದೆ. ಆ ಕಾಲಲ್ಲೇ ಇಮಾಮಬಾನು ತನ್ನ ಹೊಲಕ್ಕೆ ಹೋಗುತ್ತಿದ್ದಳು. ಬಾಯಿ ಬಿಟ್ಟ ಸಂದಿಗೆ ಸವಳು ನೆಲದ ಉಪ್ಪುನೀರು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ತನ್ನ ಮಣ್ಣೇ ತನ್ನನ್ನು ಸುಡುತ್ತಿತ್ತು.

ಬೇಸಿಗೆಯಲ್ಲಿ ಕೃಷಿ ಇಲಾಖೆಯ ಸಿದ್ದೇಶ ಬಂದ. ಯಲಬುರ್ಗಾ ಕಡೆಯ ಹುಡುಗ, ಹೊಸದಾಗಿ ನೌಕರಿಗೆ ಸೇರಿದವನು. ಮಣ್ಣು ಪರೀಕ್ಷೆಗೆ ಒಯ್ಯಲು ಬಂದಿದ್ದ. ಇಮಾಮಬಾನು ಮತ್ತು ಮುದುಕಮ್ಮ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಅವನು ಶೂ ಬಿಚ್ಚಿಟ್ಟು, ಪ್ಯಾಂಟು ಮಡಿಚಿ, ತಾನೇ ಗುಂಡಿ ತೋಡಿದ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ನೀರು ಒಸರಿತು. ಮಣ್ಣಿನ ಹೆಂಟೆ ಹಿಡಿದು ಬಹಳ ಹೊತ್ತು ನೋಡಿದ.

"ಯಾಕ್ರಿ ಸರ, ಸತ್ತತೇನು ಇದು?" ಎಂದಳು ಮುದುಕಮ್ಮ.

"ಸತ್ತಿಲ್ಲಮ್ಮ. ಉಸಿರುಗಟ್ಟೈತಿ." ಸಿದ್ದೇಶ ಹೆಂಟೆ ಮುರಿಯಲು ನೋಡಿದ. ಅದು ಒಳಗೆ ಅಂಟು, ಮೇಲೆ ಕಲ್ಲು. "ಎರಿ ಮಣ್ಣು ನೀರು ಹಿಡಕೊಂಡು ಕುಂದ್ರೋ ಮಣ್ಣು. ಮ್ಯಾಲಿನ ಗದ್ದಿ ನೀರು ಬಸಿದು ಇಲ್ಲಿಗೆ ಬಂದೈತಿ, ಹೋಗಾಕ ಜಾಗಿಲ್ಲ. ಬಿಸಿಲು ನೀರ ಎಳಕೊಂತೈತಿ, ಉಪ್ಪು ಇಲ್ಲೇ ಬಿಡ್ತೈತಿ. ಉಪ್ಪು ಹೆಚ್ಚಾತಂದ್ರ ಮಣ್ಣಿನ ಕಣ್ಣು ಮುಚ್ಚತಾವು. ಗಾಳಿ ಆಡಂಗಿಲ್ಲ. ಬೇರು ಒಳಗ ಕೊಳಿತಾವು."

"ಏನ್ ಹಾಕಬೇಕ್ರಿ ಇದಕ್ಕ?" ಇಮಾಮಬಾನು ಕೇಳಿದಳು.

"ಜಿಪ್ಸಂ ಹಾಕಬೇಕು. ಡಯಂಚಾ ಅಂತ ಹಸಿರುಗೊಬ್ಬರದ ಬೀಜ ಬಿತ್ತಿ, ಹಸಿರು ಇದ್ದಾಗ ಮಣ್ಣಾಗ ಹೊರಳಿಸಬೇಕು. ಆದ್ರ ಮೊದಲು ಆ ಬಸಿಗಾಲುವೆ ತಗೀಬೇಕು. ಅದನ್ನ ಮುಚ್ಚಿದ್ದರಿಂದನ ಇಷ್ಟೆಲ್ಲಾ ಆಗಿರೋದು. ಅದು ತಗೀಲಿಲ್ಲಂದ್ರ ನೀವು ಏನ್ ಸುರುವಿದ್ರೂ ಹಾಳು."

ಇಮಾಮಬಾನುವಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ತನ್ನ ತಪ್ಪಲ್ಲ. ಓದಿದವನೊಬ್ಬ ಬಂದು, ಕೆಸರಲ್ಲಿ ನಿಂತು ಹೇಳಿದ್ದ.

ಮಧ್ಯಾಹ್ನ ಅಮರಪ್ಪನ ಮನೆಯ ಅಂಗಳದಲ್ಲಿ ರೈತರ ಸಭೆ. ಸಿದ್ದೇಶನಿಗೆ ಕುರ್ಚಿ. ಊರ ರೈತರಿಗೆ ಕಟ್ಟೆ. ಇಮಾಮಬಾನು, ಮುದುಕಮ್ಮ ಬಾಗಿಲ ಹತ್ತಿರ ನಿಂತರು. ಕುಳಿತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಕುರ್ಚಿಗೂ ಕಟ್ಟೆಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಇವರಿಬ್ಬರಿಗೆ ಕಾಗದದ ಕಪ್ಪು.

"ಕುಡಿದು ಅಲ್ಲೇ ಹೊರಗ ಒಗೀರಿ," ಎಂದ ಹೊನ್ನೂರಪ್ಪ.

ಮುದುಕಮ್ಮ ಕಪ್ಪನ್ನು ನೆಲದ ಮೇಲಿಟ್ಟಳು. ಕುಡಿಯಲಿಲ್ಲ.

ಮಂಚದ ಮೇಲೆ ಕುಳಿತಿದ್ದ ಅಮರಪ್ಪ ಧೋತರದ ಚುಂಗು ಸರಿಮಾಡಿಕೊಂಡು ಕೇಳಿದ. "ಏನ್ರಿ ಸಾಹೇಬ್ರ, ಇವರ ಹೊಲ ಯಾಕ ಕೆಟ್ಟಾವಂತ? ನನ್ನ ಹೆಸರು ಹೇಳ್ಕೊಂತ ತಿರಗತಾರ ಊರಾಗ."

ಸಿದ್ದೇಶ ಲೋಟದೊಳಗೆ ನೋಡಿದ. ಕಟ್ಟೆಯ ಮೇಲಿನವರು ಅವನನ್ನೇ ನೋಡುತ್ತಿದ್ದರು.

"ನಿರ್ವಹಣೆ ಸರಿ ಇಲ್ರಿ," ಎಂದ. "ಕೆಲವು ರೈತರು ತಿಳಕೊಂಡು ಮಾಡಂಗಿಲ್ಲ. ನೀರು ಅತಿ ನಿಲ್ಲಸ್ತಾರ. ಯೂರಿಯಾ ಅತಿ ಹಾಕ್ತಾರ. ಸಾವಯವ ಗೊಬ್ಬರ ಹಾಕಂಗಿಲ್ಲ. ಹಿಂಗಾಗಿ ಮಣ್ಣು ಕೆಡತೈತಿ."

ಇಮಾಮಬಾನುವಿಗೆ ಮೊದಲು ತಿಳಿಯಲಿಲ್ಲ. ಬೇರೆ ಯಾರ ಹೊಲದ ಮಾತೋ ಎಂದುಕೊಂಡಳು. ಆಮೇಲೆ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಸರ, ಮುಂಜಾನಿ ಹೊಲದಾಗ ಬ್ಯಾರೆ ಹೇಳಿದ್ರಲ್ರಿ?"

ಸಿದ್ದೇಶ ತಲೆ ಎತ್ತಲಿಲ್ಲ. ಅಮರಪ್ಪ ನಕ್ಕ. ಕಟ್ಟೆಯೂ ನಕ್ಕಿತು.

"ನೀ ನಿನ್ನ ನಾಟಿ ಮಾಡವಾ ತಾಯಿ, ಸಾಹೇಬ್ರಿಗೆ ಪಾಠ ಮಾಡಬ್ಯಾಡ," ಎಂದ ಅಮರಪ್ಪ. ದನಿ ಮೆತ್ತಗಿತ್ತು. "ನೋಡು, ಆ ಹೊಲದಾಗ ಇನ್ನ ಬೆಳಿ ಆಗಂಗಿಲ್ಲ. ನನಗ ಬಿಡು. ಮೀನಿನ ಹೊಂಡ ತೋಡಸ್ತೀನಿ. ಹೊಂಡ ಕಾಯೋ ಕೆಲಸ ನಿನ್ನ ಗಂಡಗ ಕೊಡ್ತೀನಿ. ಮುದುಕಿ, ನೀನೂ ಕೇಳಸ್ಕೊ. ನಿಂದೂ ಅಷ್ಟ."

ಅವತ್ತು ಇಮಾಮಬಾನುವಿಗೆ ಎಲ್ಲ ತಿಳಿಯಿತು. ಅವನು ಮುಚ್ಚಿದ್ದು ಬಸಿಗಾಲುವೆಯ ಜಾಗಕ್ಕಾಗಿ ಅಷ್ಟೇ ಅಲ್ಲ. ಮಣ್ಣು ಕೆಡಲೆಂದು ಕಾದಿದ್ದ. ಹೊಂಡವಾದರೆ ನೀರು ವರ್ಷವಿಡೀ ನಿಲ್ಲುತ್ತದೆ. ಉಪ್ಪು ಹೊಲ ದಾಟಿ ಓಣಿಯನ್ನು ಪೂರಾ ತಿನ್ನುತ್ತದೆ.

ಹೊರಗೆ ಬಂದ ಮೇಲೆ ಮುದುಕಮ್ಮ ಸರಸರ ನಡೆದಳು. ಹಳ್ಳದ ಹತ್ತಿರ ಬಂದು ಉಗುಳಿದಳು.

"ಕೆಡಿಸಿದಾವ ಮಂಚದ ಮ್ಯಾಲ ಕುಂತಾನ. ನಿರ್ವಹಣೆ ನಮಗ ಗೊತ್ತಿಲ್ಲಂತ."

"ಯಕ್ಕಾ, ನಾ ಇನ್ನ ಅವನ ಗದ್ದ್ಯಾಗ ಕಾಲಿಡಂಗಿಲ್ಲ."

"ನೀ ಒಬ್ಬಾಕಿ ಇಡಲಿಲ್ಲಂದ್ರ ಅವಗೇನವಾ? ಎಲ್ಲಾರೂ ಇಡಬಾರದು."

ಎಲ್ಲರನ್ನೂ ಒಪ್ಪಿಸುವುದು ಸುಲಭವಿರಲಿಲ್ಲ. ಇಮಾಮಬಾನು ಮಳೆಗಾಲ ಬರುವವರೆಗೆ ಮನೆ ಮನೆ ತಿರುಗಿದಳು. ತನ್ನ ಪಿಂಜಾರ ಓಣಿಯಲ್ಲಿ ಒಲೆಯ ಮುಂದೆ ಕುಳಿತು ಮಾತಾಡಿದಳು. ಮುದುಕಮ್ಮನ ಓಣಿಯಲ್ಲಿ ಉದುರಿದ ಗಿಲಾವು ತೋರಿಸಿ ಮಾತಾಡಿದಳು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು, "ನಿಮ್ಮ ಹೊಲದ ಜಗಳಕ್ಕ ನಮ್ಮ ಹೊಟ್ಟಿಗೆ ಯಾಕ ಹೊಡೀತಿ?" ಎಂದರು. ಜಿಲಾನಸಾಬನೇ ಎಲ್ಲರಿಗಿಂತ ಹೆಚ್ಚು ಹೆದರಿದ್ದ.

"ಬ್ಯಾಡ ಬಾನು. ಅವ್ರು ದೊಡ್ಡಮಂದಿ. ಗಿರಣಿ ಮಾಲಕನೂ ಅವರ ದೋಸ್ತ ಅದಾನ."

"ನೀ ಸುಮ್ಮನಿದ್ದಿ. ಹೊಲ ಉಳೀತೇನು?"

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಕಾಲುವೆಗೆ ನೀರು ಬಿಟ್ಟರು. ಅಮರಪ್ಪನ ಗದ್ದೆಯಲ್ಲಿ ಟ್ರ್ಯಾಕ್ಟರು ಕೆಸರು ತುಳಿಯಿತು. ಮಡಿಯಿಂದ ಸಸಿ ಕಿತ್ತು, ಕಟ್ಟು ಕಟ್ಟಿ, ಗದ್ದೆಯ ತುಂಬ ಒಗೆದಿದ್ದರು. ಕಿತ್ತ ಸಸಿ ಕಾಯುವುದಿಲ್ಲ. ಬಿಸಿಲು ಏರಿದಂತೆ ಒಣಗುತ್ತದೆ.

ಗುಂಪು ಬಂತು. ಬದುವಿನ ಮೇಲೆ ಸಾಲಾಗಿ ನಿಂತಿತು. ಯಾರೂ ಸೀರೆ ಮೇಲೆ ಕಟ್ಟಲಿಲ್ಲ.

"ಇಳೀರಿ, ಇಳೀರಿ, ಹೊತ್ತಾತು," ಹೊನ್ನೂರಪ್ಪ ಕೂಗಿದ.

ಯಾರೂ ಇಳಿಯಲಿಲ್ಲ. ಅವನು ಮತ್ತೆ ಕೂಗಿದ. ಆಮೇಲೆ ಫೋನು ಮಾಡಿದ. ಅಮರಪ್ಪ ಬುಲೆಟ್ ಗಾಡಿಯಲ್ಲಿ ಬಂದ.

"ಏನವಾ ಇಮಾಮಬಾನು, ಕೂಲಿ ಸಾಲದೇನು?"

"ಕೂಲಿ ಮಾತಲ್ರಿ ಸಾವಕಾರ್ರ. ಬಸಿಗಾಲವಿ ತಗಸ್ರಿ. ತಗದ ದಿನ ಇಳಿತೀವಿ."

"ಯಾವ ಬಸಿಗಾಲವಿ? ಎಲ್ಲೈತಿ? ನನ್ನ ಕಣ್ಣಿಗೆ ಕಾಣವಲ್ದು."

"ಮುಚ್ಚಿದಾವ್ರು ನೀವ. ನಿಮಗ ಗೊತ್ತೈತ್ರಿ."

ಅವನ ಮುಖ ಕಪ್ಪಾಯಿತು. ಮೆತ್ತಗಿನ ದನಿ ಹೋಯಿತು. "ನನ್ನ ಗದ್ದಿ ಅನ್ನ ತಿಂದು ಬೆಳೆದಾವ್ರು ನೀವು. ಇವತ್ತು ಇಳಿಯದಾಕಿ ಇನ್ನ ಮುಂದ ಯಾವತ್ತೂ ಇಳಿಯಂಗಿಲ್ಲ. ಯಾರ ಗದ್ದ್ಯಾಗೂ ಇಳಿಯಂಗಿಲ್ಲ. ಹಂಗ ಮಾಡ್ತೀನಿ."

ಸಾಲು ಅಲುಗಿತು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಒಬ್ಬಳು ಸೀರೆಗೆ ಕೈ ಹಾಕಿದಳು. ಮುದುಕಮ್ಮ ಆಕೆಯ ಕೈ ಹಿಡಿದಳು. ಸುಮ್ಮನೆ ಹಿಡಿದುಕೊಂಡಳು. ಆಕೆ ಸೀರೆ ಬಿಟ್ಟಳು.

ಬಿಸಿಲು ಏರಿತು. ಗದ್ದೆಯಲ್ಲಿ ಬಿದ್ದ ಸಸಿಯ ಕಟ್ಟುಗಳು ಬಾಡತೊಡಗಿದವು.

ಮರುದಿನ ಬೆಳಿಗ್ಗೆ ತಾವರಗೇರಾ ಕಡೆಯಿಂದ ಎರಡು ಟಂಟಂ ಆಟೋ ತುಂಬ ಹೆಂಗಸರು ಬಂದರು. ಅಲ್ಲಿ ಮಳೆ ಕೈಕೊಟ್ಟಿತ್ತು. ಸಜ್ಜೆ ಬಿತ್ತಿದವರು ಆಕಾಶ ನೋಡುತ್ತಿದ್ದರು. ಅವರ ಮುಂದಾಳು ಶೈಲಜಾ. ಇನ್ನೂ ಸಣ್ಣ ವಯಸ್ಸು, ಗಟ್ಟಿ ದನಿ. ಇಮಾಮಬಾನು ದಾರಿಗೆ ಅಡ್ಡ ನಿಂತಳು.

"ತಂಗೀ, ಇಳೀಬ್ಯಾಡ್ರಿ. ನಮ್ಮ ಹೊಲ ಸವಳು ಮಾಡ್ಯಾನ ಇವ."

ಶೈಲಜಾ ಬೆಳ್ಳಗಿನ ಹೊಲವನ್ನು ನೋಡಿದಳು. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಯಕ್ಕಾ, ನಿನ್ನ ಸಂಕಟ ಕಾಣ್ತೈತಿ. ಆದ್ರ ನಾವು ಮಕ್ಕಳ್ನ ಬಿಟ್ಟು ಬಂದೀವಿ. ಬರಿಗೈಲೆ ಹೋದ್ರ ಒಲಿ ಹತ್ತಂಗಿಲ್ಲ. ನಾವು ಇಳಿಲೇಬೇಕು."

ಇಳಿದರು. ಇಮಾಮಬಾನುವಿಗೆ ಬೈಯಲು ಬಾಯಿ ಬರಲಿಲ್ಲ. ಅವರ ಕಾಲನ್ನು ನೋಡಿದಳು. ಒಣ ಬೇಸಾಯದ ಕಾಲುಗಳು. ಒಡೆದ ಹಿಮ್ಮಡಿಗಳು. ಸಂಜೆಯೊಳಗೆ ಅವೂ ಕೊಳೆಯುತ್ತವೆ. ಬದುವಿನ ಮೇಲೆ ಅಮರಪ್ಪ ಕೊಡೆ ಹಿಡಿದು ನಿಂತಿದ್ದ. ಇವಳ ಕಡೆ ನೋಡಿ ಮೀಸೆಯಲ್ಲೇ ನಕ್ಕ.

ಗುಂಪಿನ ಹೆಂಗಸರು ಬೇವಿನ ಮರದ ಕೆಳಗೆ ಕುಳಿತರು. ಮುಗಿಯಿತು ಎಂದರು ಕೆಲವರು. ಒಬ್ಬಳು ಅತ್ತಳು. ಇಮಾಮಬಾನು ಎದ್ದು ಮನೆಗೆ ಹೋದಳು. ತಿರುಗಿ ಬಂದಾಗ ಹೆಗಲ ಮೇಲೆ ಸಲಿಕೆ ಇತ್ತು.

"ಅವ ತಗಸಂಗಿಲ್ಲ," ಎಂದಳು. "ನಾವ ತಗೀತೀವಿ. ಹಾಡಾಹಗಲು, ಅವನ ಕಣ್ಮುಂದ."

ಸಲಿಕೆ ನೆಲಕ್ಕೆ ಊರಿ ಸಿದ್ದೇಶನಿಗೆ ಫೋನು ಮಾಡಿದಳು.

"ಸರ, ಬಸಿಗಾಲವಿ ಅಗಿಯಾಕ ಹೊಂಟೀವಿ. ಹೊಲದಾಗ ನಮಗ ಹೇಳಿದ್ದನ್ನ ಇಲ್ಲಿ ಬಂದು ಎಲ್ಲಾರ ಮುಂದ ಹೇಳ್ರಿ."

"ಮೀಟಿಂಗ್ ಐತಮ್ಮ," ಎಂದ ಸಿದ್ದೇಶ. ಫೋನು ಕಟ್ಟಾಯಿತು.

ಮುದುಕಮ್ಮ ಮುಂದೆ ನಡೆದಳು. ಹಳ್ಳದ ದಂಡೆಗೆ ಬಂದು ನಿಂತು ಕಾಲಿನಿಂದ ನೆಲ ಒದ್ದಳು. "ಇಲ್ಲಿ. ನೀರು ಹಳ್ಳಕ್ಕ ಬೀಳೋ ಬಾಯಿ ಇಲ್ಲೇ ಇತ್ತು." ಗುದ್ದಲಿ ಬಿತ್ತು. ಕೆಂಪು ಗರಸು ಎದ್ದಿತು. ಎರೆ ನಾಡಿನಲ್ಲಿ ಕೆಂಪು ಗರಸು ತಾನಾಗಿ ಬರುವುದಿಲ್ಲ. ತಂದು ಸುರಿದದ್ದು. ಹೆಂಗಸರು ಅದನ್ನು ನೋಡಿದರು. ಅತ್ತವಳೂ ಎದ್ದು ಬಂದು ಬುಟ್ಟಿ ಹಿಡಿದಳು.

ಹಳ್ಳದ ಕಡೆಯಿಂದ ಮೇಲೆ ಮೇಲೆ ಅಗೆಯುತ್ತ ಹೋದರು. ಹಳೆಯ ಅಗಲ ಬೇಡ, ನೀರು ಹರಿಯುವಷ್ಟು ಸಾಕು. ಗರಸಿನ ಕೆಳಗೆ ಜೊಂಡು ಕೊಳೆತ ಕರೀ ಕೆಸರು. ಸಲಿಕೆ ಹಾಕಿದರೆ ಹೀರಿಕೊಳ್ಳುತ್ತಿತ್ತು. ಎಳೆಯಲು ತೋಳು ಸೋಲುತ್ತಿತ್ತು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಬೆವರು ಕಣ್ಣಿಗಿಳಿದು ಉರಿಯಿತು. ಉಸಿರು ಮತ್ತು ಗುದ್ದಲಿಯ ಸದ್ದು ಮಾತ್ರ.

ಹೊತ್ತು ನೆತ್ತಿಗೆ ಬಂದಾಗ ಇಮಾಮಬಾನುವಿನ ಪಕ್ಕ ಇನ್ನೊಂದು ಸಲಿಕೆ ಬಿತ್ತು. ತಿರುಗಿ ನೋಡಿದಳು. ಜಿಲಾನಸಾಬ. ಕುತ್ತಿಗೆ ವಾಲಿಸಿಕೊಂಡೇ ಕೆಸರು ಎತ್ತುತ್ತಿದ್ದ.

"ಗಿರಣಿ?"

"ಬಿಟ್ಟು ಬಂದೀನಿ," ಎಂದ. ಆಕೆ ಅವನಿಗೆ ಜಾಗ ಬಿಟ್ಟು ಸರಿದಳು.

ಅಗೆತ ಅಮರಪ್ಪನ ಗದ್ದೆಯ ಅಂಚು ಮುಟ್ಟಿತು. ಕೊನೆಯ ಬದು ಕಡಿದರೆ ಮುಚ್ಚಿದ ಜಾಗದ ಮೇಲೆ ನಿಂತ ನೀರೆಲ್ಲ ಇಳಿಯಬೇಕು. ಅಷ್ಟರಲ್ಲಿ ಅಮರಪ್ಪ ಬದುವಿನುದ್ದಕ್ಕೂ ಓಡುತ್ತ ಬಂದ. ಹಿಂದೆ ಹೊನ್ನೂರಪ್ಪ. ಕೊಡೆ ಎಲ್ಲೋ ಬಿದ್ದಿತ್ತು.

"ಪೊಲೀಸ್ರಿಗೆ ಹೇಳೀನಿ! ಒಬ್ಬೊಬ್ಬರನ್ನ ಒಳಗ ಹಾಕಸ್ತೀನಿ!"

ಎಲ್ಲರ ಮುಂದೆ ಇದ್ದವಳು ಮುದುಕಮ್ಮ. ಆಕೆ ಸಲಿಕೆ ಎತ್ತಿದ್ದಳು. ಅಮರಪ್ಪ ಅದರ ಕಾವು ಹಿಡಿದು ಜಗ್ಗಿದ. ಆಕೆ ಬಿಡಲಿಲ್ಲ. ಮುದುಕಿಯ ಕೈ ಮೇಲೆ ಅವನ ಕೈ ಇತ್ತು. ಒಂದು ಗಳಿಗೆ ಇಬ್ಬರೂ ಹಾಗೆಯೇ ನಿಂತರು. ಆಮೇಲೆ ಅವನಿಗೆ ತಾನು ಏನನ್ನು ಹಿಡಿದಿದ್ದೇನೆ ಎಂದು ಹೊಳೆಯಿತು. ಸಟ್ಟನೆ ಕೈ ಬಿಟ್ಟ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಒಮ್ಮೆ ಒರೆಸಿದ್ದು ಸಾಲದೆ ಮತ್ತೊಮ್ಮೆ ಒರೆಸಿಕೊಂಡ.

ಅಗೆಯುವವರು ನೋಡಿದರು. ಗದ್ದೆಯಲ್ಲಿ ಬಗ್ಗಿದ್ದವರೂ ಸೊಂಟ ಎತ್ತಿ ನೋಡಿದರು.

ಅಮರಪ್ಪ ಗದ್ದೆಯ ಕಡೆ ತಿರುಗಿ ಕೂಗಿದ. "ಏಯ್, ಬರ್ರಿ ಎಲ್ಲಾರೂ! ನಾಟಿ ಬಿಡ್ರಿ. ಇಲ್ಲಿ ಮಣ್ಣು ತುಂಬ್ರಿ. ಇವರು ಅಗದದ್ದನ್ನ ಮುಚ್ಚರಿ. ಎರಡು ಪಟ್ಟು ಕೂಲಿ ಕೊಡ್ತೀನಿ."

ತಾವರಗೇರಾದ ಹೆಂಗಸರು ಕದಲಲಿಲ್ಲ. ಶೈಲಜಾ ಕೈಯಲ್ಲಿ ಸಸಿಯ ಕಟ್ಟು ಹಿಡಿದು ಕೆಸರಲ್ಲಿ ನಡೆದು ಬಂದಳು. ಬದುವಿನ ಹತ್ತಿರ ನಿಂತಳು.

"ನಾಟಿಗೆ ಬಂದೀವ್ರಿ ನಾವು. ಮಣ್ಣು ಮುಚ್ಚಾಕ ಬಂದಿಲ್ಲ."

"ಎರಡು ಪಟ್ಟು ಅಂದೆ ನಾನು."

"ಕೇಳಿಸ್ತ್ರಿ." ಶೈಲಜಾ ಮುದುಕಮ್ಮನ ಕಡೆ ಬೆರಳು ತೋರಿಸಿದಳು. "ಆ ಯವ್ವನ ಸಲಿಕಿ ಮುಟ್ಟಿ ಕೈ ಒರಸಿಕೊಂಡ್ರಿ. ನಾನೂ ಆ ಯವ್ವನ ಜಾತ್ಯಾಕಿನ. ಮುಂಜಾನಿಂದ ನಿಮ್ಮ ಗದ್ದ್ಯಾಗ ಸಸಿ ಹಚ್ಚೀನಿ, ಇದ ಕೈಲೆ. ಇದರ ಅನ್ನ ಹ್ಯಾಂಗ ಉಣ್ಣತೀರಿ?"

ಅಮರಪ್ಪನ ಕೈ ಮತ್ತೆ ಧೋತರದ ಕಡೆ ಹೋಗಿ ಅರ್ಧಕ್ಕೇ ನಿಂತಿತು.

ಶೈಲಜಾ ಸಸಿಯ ಕಟ್ಟನ್ನು ಅವನ ಕಾಲ ಬಳಿ ಒಗೆದಳು. ಮೇಲೆ ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಮೇಲೆ ಬಂದರು.

ಇಮಾಮಬಾನು ಕಾಯಲಿಲ್ಲ. ಗುದ್ದಲಿ ಎತ್ತಿ ಕೊನೆಯ ಬದುವಿಗೆ ಹಾಕಿದಳು. ಎತ್ತಿದಳು, ಹಾಕಿದಳು. ಮಣ್ಣು ಕುಸಿಯಿತು. ಮೊದಲು ಎಳೆಯಷ್ಟು ನೀರು ಬಂತು. ಆಮೇಲೆ ತೋಳಷ್ಟು. ಆಮೇಲೆ ದಂಡೆಯ ಮಣ್ಣನ್ನೇ ಕಿತ್ತುಕೊಂಡು ನುಗ್ಗಿತು. ಕರ್ರಗಿನ, ಗಬ್ಬು ನಾರುವ ನೀರು. ಅದು ಅಗೆದ ದಾರಿಯಲ್ಲಿ ಹರಿದು ಹಳ್ಳಕ್ಕೆ ಬಿದ್ದ ಸದ್ದು ಬಂತು.

ಜೀಪು ಬಂತು. ಸಬ್ ಇನ್‌ಸ್ಪೆಕ್ಟರ್ ಇಳಿದ. ಅವನ ಹಿಂದೆಯೇ ಒಂದು ಬೈಕು. ಸಿದ್ದೇಶ. ಮುಖ ಬಿಳಿಚಿತ್ತು.

"ನನ್ನ ಗದ್ದಿ ಒಡದಾರ್ರಿ," ಎಂದ ಅಮರಪ್ಪ. "ನನ್ನ ಬೆಳಿ ಹಾಳು ಮಾಡ್ಯಾರ. ಬರಕೋರಿ."

ಇಲ್ಲಿದ್ದ ಬಸಿಗಾಲುವೆಯನ್ನೇ ತೆರೆದಿದ್ದೇವೆ ಎಂದು ಹೆಂಗಸರು ಕೂಗಿದರು. "ಇವರು ಇಲ್ಲಿ ಬಸಿಗಾಲುವೆ ಇತ್ತಂತಾರಲ್ಲ?" ಇನ್‌ಸ್ಪೆಕ್ಟರ್ ಸುತ್ತ ನೋಡಿದ. ಸಿದ್ದೇಶನನ್ನು ಗುರುತಿಸಿದ. "ನೀವು ಕೃಷಿ ಇಲಾಖೆಯವ್ರಲ್ಲ? ಇತ್ತೇನ್ರಿ ಇಲ್ಲಿ?"

ಅಮರಪ್ಪ ಸಿದ್ದೇಶನನ್ನು ನೋಡಿದ. ಇಮಾಮಬಾನು ಅವನನ್ನು ನೋಡಲಿಲ್ಲ. ಹರಿಯುವ ನೀರನ್ನೇ ನೋಡುತ್ತಿದ್ದಳು.

"ಇತ್ತು," ಎಂದ ಸಿದ್ದೇಶ. ಅಮರಪ್ಪನ ಕಡೆ ಕೈ ತೋರಿಸಿ ಮತ್ತೆ ಹೇಳಿದ. "ಇತ್ರಿ. ಇವ್ರು ಮುಚ್ಚಿಸ್ಯಾರ. ಅದಕ್ಕ ಕೆಳಗಿನ ಹೊಲ ಕೆಟ್ಟಾವು. ಆ ದಿನ ಸಭಾದಾಗ ನಾನು ಹೇಳಲಿಲ್ಲ."

ಅಷ್ಟರಿಂದ ಎಲ್ಲ ಸರಿಹೋಗಲಿಲ್ಲ. ಇಮಾಮಬಾನು, ಮುದುಕಮ್ಮ, ಜಿಲಾನಸಾಬ ಮೂವರನ್ನೂ ಜೀಪಿಗೆ ಹತ್ತಿಸಿದರು. ಸಂಜೆಯವರೆಗೆ ಠಾಣೆಯ ನೆಲದ ಮೇಲೆ ಕೂರಿಸಿದರು. ಅತಿಕ್ರಮ ಪ್ರವೇಶ, ಬೆಳೆ ನಾಶ ಎಂದು ಕೇಸು ಹಾಕಿದರು. ತಪ್ಪಾಯಿತು ಎಂದರೆ ಬಿಡುತ್ತೇವೆ ಎಂದರು. ಮುದುಕಮ್ಮ, "ತಪ್ಪು ಆಗಿಲ್ರಿ," ಎಂದಳು. ಕೇಸು ಇನ್ನೂ ನಡೆಯುತ್ತಿದೆ. ವಾಯಿದೆ ಇದ್ದ ದಿನ ಮೂವರೂ ಗಂಗಾವತಿಗೆ ಹೋಗಿ ನ್ಯಾಯಾಲಯದ ಆವರಣದಲ್ಲಿ ನಿಂತು ಬರುತ್ತಾರೆ. ಗಿರಣಿಯಲ್ಲಿ ಜಿಲಾನಸಾಬನ ಕೆಲಸ ಹೋಯಿತು. ಆ ಹಂಗಾಮು ಊರಲ್ಲಿ ಗುಂಪನ್ನು ಯಾರೂ ನಾಟಿಗೆ ಕರೆಯಲಿಲ್ಲ. ಕಾರಟಗಿ ಕಡೆ ಹೋಗಿ ದುಡಿದು ಬಂದರು. ಸಿದ್ದೇಶನಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹೋಗುವ ಮೊದಲು ಜಿಪ್ಸಂ ಚೀಲಗಳನ್ನು ಇಳಿಸಿಹೋದ. ಇಮಾಮಬಾನು ತೆಗೆದುಕೊಂಡಳು. ಉಪಕಾರವಾಯಿತು ಎನ್ನಲಿಲ್ಲ.

ಅಗೆದ ಬಸಿಗಾಲುವೆಯನ್ನು ಅಮರಪ್ಪ ಒಮ್ಮೆ ಮತ್ತೆ ಮುಚ್ಚಿಸಿದ. ಇವರು ಮತ್ತೆ ಅಗೆದರು. ಎರಡನೆ ಸಲ ಬುಟ್ಟಿ ಹಿಡಿಯಲು ಓಣಿಯ ಗಂಡಸರೂ ಬಂದರು. ನೀರಾವರಿ ಇಲಾಖೆಯ ಎಂಜಿನಿಯರು ಬಂದು ನೋಡಿ, ಕೈ ಹಚ್ಚಬಾರದು ಎಂದು ಹೇಳಿ ಹೋದ. ಯಾರು ಕೈ ಹಚ್ಚಬಾರದು ಎಂದು ಹೇಳಲಿಲ್ಲ. ಅದು ಹಾಗೆಯೇ ತೆರೆದು ಉಳಿಯಿತು.

ಮಣ್ಣಿಗೆ ಅವಸರವಿರಲಿಲ್ಲ. ಬೆಳ್ಳಗಿನ ಕಲೆ ಒಂದೇ ಮಳೆಗೆ ಹೋಗಲಿಲ್ಲ. ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿಯಲು ಬಿಟ್ಟು, ಡಯಂಚಾ ಚೆಲ್ಲಿದರು. ತಗ್ಗಿನ ಮೂಲೆಯಲ್ಲಿ ಒಂದು ಕಾಳೂ ಮೊಳೆಯಲಿಲ್ಲ. ಬಸಿಗಾಲುವೆಯ ಮಗ್ಗುಲಲ್ಲಿ ಮೊಣಕಾಲೆತ್ತರ ಬಂತು. ಅಷ್ಟನ್ನೇ ಹಸಿರಿದ್ದಾಗ ಮಣ್ಣೊಳಗೆ ಹೊರಳಿಸಿದರು. ಇನ್ನೂ ಎಷ್ಟು ವರ್ಷ ಬೇಕೋ ಎಂದ ಜಿಲಾನಸಾಬ. ಕೆಡಿಸುವುದಕ್ಕೂ ವರ್ಷ ಹಿಡಿದಿತ್ತಲ್ಲ ಎಂದಳು ಇಮಾಮಬಾನು.

ಮುಂದಿನ ಮಳೆಗಾಲ ಕಾಲುವೆಗೆ ನೀರು ಬಂದ ವಾರ ಹೊನ್ನೂರಪ್ಪ ಅವಳ ಮನೆಯ ಮುಂದೆ ಬಂದು ನಿಂತ. ತಾವರಗೇರಾಕ್ಕೆ ಹೋಗಿ ಬಂದಿದ್ದ. ಶೈಲಜಾಳ ಗುಂಪು ಬರುವುದಿಲ್ಲ ಎಂದಿತ್ತು. ಕುಷ್ಟಗಿಯ ಇನ್ನೊಂದು ಗುಂಪೂ ಅದನ್ನೇ ಹೇಳಿತ್ತು. ಮಡಿಯಲ್ಲಿ ಸಸಿ ಬಲಿಯುತ್ತಿತ್ತು.

"ಸಾವಕಾರ್ರು ಕರೀತಾರವಾ," ಎಂದ. ದನಿಯಲ್ಲಿ ಬದುವಿನ ಮೇಲಿನ ಕೂಗು ಇರಲಿಲ್ಲ. "ನಾಟಿಗೆ ಬರ್ರಿ ಅಂತ ಹೇಳ್ಯಾರ."

"ಅವರ ಬಂದು ಕರೀಲಿ."

ಹೊನ್ನೂರಪ್ಪ ಹೋದ. ಬಹಳ ಹೊತ್ತಿನ ಮೇಲೆ ಅಮರಪ್ಪ ಬಂದ. ಪಿಂಜಾರ ಓಣಿಯೊಳಗೆ ಅವನು ಕಾಲಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಬಾಗಿಲ ಹೊರಗೆ ನಿಂತ. ಇಮಾಮಬಾನು ಒಳಗೆ ಬನ್ನಿ ಎನ್ನಲಿಲ್ಲ, ಹೊರಗೇ ನಿಲ್ಲಿ ಎನ್ನಲೂ ಇಲ್ಲ. ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಇದ್ದಳು.

"ನಾಳೆ ಬರ್ತೀರೇನು?" ಎಂದ.

"ಬಸಿಗಾಲವಿ ನೋಡ್ತೀವಿ," ಎಂದಳು ಇಮಾಮಬಾನು. "ಮುಂಜಾನಿ ನಮ್ಮ ಗುಂಪು ಮೊದಲು ಹಳ್ಳದ ಕಡಿ ಹೋಗತೈತಿ. ಮುದುಕಮ್ಮ ಮುಂದ ಇರ್ತಾಳ. ಅಕಿ ಬಸಿಗಾಲವಿ ಬಾಯಿ ಮುಟ್ಟಿ ನೋಡಿ, ನೀರು ಹೊಂಟೈತಿ ಅಂದ್ಲಂದ್ರ ಇಳಿತೀವಿ. ನಿಂತೈತಿ ಅಂದ್ಲಂದ್ರ ತಿರುಗಿ ಮನಿಗೆ ಹೋಗ್ತೀವಿ. ಈ ವರ್ಷ ಅಷ್ಟ ಅಲ್ಲ. ಪ್ರತಿ ವರ್ಷ."

ಅಮರಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ.

ಬೆಳಿಗ್ಗೆ ಗುಂಪು ಹಳ್ಳದ ದಂಡೆಗೆ ಬಂತು. ಬದುವಿನ ಮೇಲೆ ದೂರದಲ್ಲಿ ಅಮರಪ್ಪ ನಿಂತು ನೋಡುತ್ತಿದ್ದ. ಮುದುಕಮ್ಮ ದಂಡೆ ಇಳಿದಳು. ಬಸಿಗಾಲುವೆಯ ಬಾಯಿಗೆ ಕೈ ಹಾಕಿದಳು. ಅವಸರ ಮಾಡಲಿಲ್ಲ. ಬಿಸಿಲು ಏರುತ್ತಿತ್ತು. ಗದ್ದೆಯಲ್ಲಿ ಕಿತ್ತ ಸಸಿ ಕಾಯುತ್ತಿತ್ತು. ಎಲ್ಲರೂ ಆಕೆಯ ಮಾತಿಗೆ ಕಾದು ನಿಂತರು.